ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿ: ಊರು ಕೇಳಿ ಊಟ ಬಡಿಸುತ್ತಾರೆ

ದಾವಣಗೆರೆಗೆ ಬಂದವರೆಲ್ಲ ಬೆಣ್ಣೆದೋಸೆ ತಿಂದು ಹೋಗುತ್ತಾರೆ. ತಿನ್ನಲಿ, ಬೇಡ ಅನ್ನಲ್ಲ. ಆದರೆ ಒಂದು ಮಧ್ಯಾಹ್ನ ಈ ಖಾನಾವಳಿಗೂ ಬನ್ನಿ. ಐದೇ ಟೇಬಲ್ಲು. ಬೋರ್ಡು ಮಾಸಿ ಹೋಗಿದೆ. ರೊಟ್ಟಿ ಬಡಿಯುವ ಸದ್ದು ಹಿಡಿದು ಒಳಗೆ ಹೋಗಬೇಕು.

ಕೂತ ಕೂಡಲೇ ಖಾನಾವಳಿಯ ಅಕ್ಕ ಕೇಳಿದರು, "ಯಾವ್ ಕಡೆಯೋರಣ್ಣಾ?" ದಾವಣಗೆರೆ ಅಂದೆ. "ಅದು ಜಿಲ್ಲಾ ಆತು. ಊರು ಹೇಳ್ರಿ." ಚನ್ನಗಿರಿ ಅಂದೆ. "ಹಂಗಾರ ಅನ್ನ ಜಾಸ್ತಿ ಬೇಕಾಗತೈತಿ" ಅಂತ ಒಳಗೆ ಹೋದರು.

ಆ ಮಾತು ನನಗೆ ನಾಟಿತು. ನಮ್ಮ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರೇ ಆಗ ಮುಖ್ಯಮಂತ್ರಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ. ನನ್ನ ಟಿ.ಸಿ.ಯಲ್ಲಿ ಇವತ್ತಿಗೂ ಶಿವಮೊಗ್ಗ ಜಿಲ್ಲೆ ಅಂತಲೇ ಇದೆ, ಮಗಳದ್ದರಲ್ಲಿ ದಾವಣಗೆರೆ.

ಇಲ್ಲಿನ ಅಡುಗೆಮನೆ ಆ ಮೂರೂ ಕಡೆಯನ್ನು ನೆನಪಿಟ್ಟುಕೊಂಡಿದೆ. ಹರಪನಹಳ್ಳಿಯವರಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ದುರ್ಗದ ಕಡೆಯವರಿಗೆ ರಾಗಿ ಮುದ್ದೆ, ಹುರುಳಿಕಾಳು ಸಾರು. ನಮ್ಮಂಥವರಿಗೆ ಅಕ್ಕಿರೊಟ್ಟಿ, ಆಮೇಲೆ ಅನ್ನ. ಜೋಳದ ರೊಟ್ಟಿ ಒಂದು ತಿಂದು ನೋಡಿ. ಅಂಚು ಗರಿಗರಿ, ನಡುವೆ ಮೆತ್ತಗೆ. ಹಂಚಿನ ಮೇಲೆ ನೀರು ಸವರಿದ ಬಟ್ಟೆಯ ಗುರುತು ಹಾಗೇ ಕಾಣುತ್ತದೆ. ಚಟ್ನಿಪುಡಿಗೆ ಮೊಸರು ಹಾಕಿ ಬೆರಳಲ್ಲಿ ಕಲಸಿಕೊಂಡರೆ ಬೇರೇನೂ ಬೇಡ.

ಎದುರಿಗೆ ಜಗಳೂರಿನ ಹಿರಿಯರೊಬ್ಬರು ಮುದ್ದೆ ಮುರಿಯುತ್ತಿದ್ದರು. "ನಾವು ಇವತ್ತಿಗೂ ದುರ್ಗದೋರೇ ಕಣಪ್ಪಾ. ನಿಮಗೆ ಸೂಳೆಕೆರೆ ಐತೆ, ದಾವಣಗೆರೆಯೋರಿಗೆ ಭದ್ರಾ ನಾಲೆ ಐತೆ. ನಮಗೆ ಮೋಡ" ಅಂದರು.

ಅಕ್ಕನ ಊರು ಹರಪನಹಳ್ಳಿ ಹತ್ತಿರದ ಹಳ್ಳಿ. ಆ ತಾಲ್ಲೂಕು 2018ರಲ್ಲಿ 371(ಜೆ) ಸೌಲಭ್ಯಕ್ಕೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ನೌಕರಿ, ಓದಿನ ಮೀಸಲಾತಿಗೆ, ಮತ್ತೆ ಬಳ್ಳಾರಿಗೆ ಸೇರಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. "ನಮ್ಮನಿ ಇದ್ದಲ್ಲೇ ಐತಣ್ಣಾ. ಜಿಲ್ಲಾ ಮೂರ್ ಸಲ ಬದಲಾತು" ಅಂದರು, ರೊಟ್ಟಿ ತಿರುವಿ ಹಾಕುತ್ತಾ. ಹರಪನಹಳ್ಳಿಯವರು ನಮ್ಮ ಜಿಲ್ಲೆ ಬಿಟ್ಟು ಹೊರಟಾಗ "ನೌಕರಿ ಆಸೆಗೆ ನಮ್ಮನ್ನು ಬಿಟ್ಟರು" ಅಂತ ಇಲ್ಲಿ ಎಷ್ಟೋ ಜನ ಅಂದಿದ್ದರು. ನಾನೂ ಅಂದಿದ್ದೆ. ನಾಲೆ ನೀರಲ್ಲಿ ಭತ್ತ ಬೆಳೆಯುವ ಕಡೆಯವರು ಮಳೆ ನಂಬಿದ ಹೊಲದವರಿಗೆ ಹಾಗೆ ಅನ್ನಬಾರದಿತ್ತು. ಅವರ ಮಕ್ಕಳಿಗೂ ಕೆಲಸ ಬೇಕಲ್ವಾ?

ತಪ್ಪು ಇಲ್ಲವೆಂದಲ್ಲ. ತಿಳಿಸಾರು ತೀರಾ ನೀರು, ಉಪ್ಪೂ ಕಮ್ಮಿ. ಕೈ ತೊಳೆಯುವ ಜಾಗ ಜಾರುತ್ತದೆ, ವಯಸ್ಸಾದವರನ್ನು ಕೈ ಹಿಡಿದು ಕರೆದೊಯ್ಯಿರಿ. ಭಾನುವಾರ ರಜೆ.

ಊಟಕ್ಕೆ 80 ರೂಪಾಯಿ, ರೊಟ್ಟಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು. ಮುದ್ದೆ ಬೇಕಿದ್ದರೆ ಎರಡು ಗಂಟೆಯೊಳಗೆ ಹೋಗಿ. ಜಗಳೂರು ಬಸ್ಸಿನವರು ಬಂದ ಮೇಲೆ ಉಳಿಯಲ್ಲ.