ಸಿಟಿ ಮ್ಯಾನೇಜರ್ ಆಯ್ಕೆ: ಒಳಗಿನವರೋ, ಹೊರಗಿನವರೋ?

ನಮ್ಮ ಪಾಲಿಕೆ ಆಯುಕ್ತರನ್ನು ರಾಜ್ಯ ಸರ್ಕಾರ ನಿಯೋಜಿಸುತ್ತದೆ. ಅಮೆರಿಕದ ಡಲ್ಲಾಸ್, ಫೀನಿಕ್ಸ್‌ನಂತಹ ನಗರಗಳಲ್ಲಾದರೋ ಆಡಳಿತದ ಮುಖ್ಯಸ್ಥರಾದ ಸಿಟಿ ಮ್ಯಾನೇಜರನ್ನು ನೇಮಿಸುವ, ಬೇಡವಾದರೆ ತೆಗೆಯುವ ಅಧಿಕಾರ ಚುನಾಯಿತ ಕೌನ್ಸಿಲ್‌ನದು. ಅಂತಹ ಊರಲ್ಲಿ ನೆಲೆಸಿ, ಈ ಹುದ್ದೆಗೆ ಒಳಗಿನವರಿಗೆ ಬಡ್ತಿಯೋ, ಹೊರಗಿನವರ ಹುಡುಕಾಟವೋ, ಯಾವ ದಾರಿಯನ್ನು ಬೆಂಬಲಿಸಲಿ ಎಂದು ಕೇಳಿದವರಿಗೆ ಈ ಹೋಲಿಕೆ.

ಖರ್ಚು ಮತ್ತು ಸಮಯದಲ್ಲಿ ಒಳಗಿನ ಉಪ ಮ್ಯಾನೇಜರಿಗೆ ಬಡ್ತಿ ಕೊಡುವುದೇ ಹಗುರ. ದೇಶವ್ಯಾಪಿ ಹುಡುಕಾಟಕ್ಕೆ ನೇಮಕಾತಿ ಸಂಸ್ಥೆಯ ಶುಲ್ಕವಿದೆ, ಹಲವು ತಿಂಗಳ ಕಾಯುವಿಕೆಯಿದೆ.

ಗೋಪ್ಯತೆಯ ಪ್ರಶ್ನೆ ಇನ್ನೂ ಜಟಿಲ. ಫ್ಲಾರಿಡಾದಲ್ಲಿ ಸಾರ್ವಜನಿಕ ದಾಖಲೆ ಕಾನೂನಿನಡಿ ಅರ್ಜಿದಾರರ ಹೆಸರುಗಳು ಬಯಲಾಗುವುದರಿಂದ, ಬೇರೆ ನಗರದಲ್ಲಿ ಕೆಲಸದಲ್ಲಿರುವ ಸಮರ್ಥರು ಅರ್ಜಿ ಹಾಕಲು ಹಿಂಜರಿಯುತ್ತಾರೆ. ಒಳಗಿನವರಿಗೆ ಈ ಅಳುಕು ಕಡಿಮೆ.

ಹೊಸ ದೃಷ್ಟಿ ಬೇಕಾದರೆ ಹೊರಗಿನವರೇ ಲೇಸು, ಆದರೆ ಅವರು ಮತ್ತೊಂದು ನಗರಕ್ಕೆ ಹೊರಡುವುದೂ ಸಹಜ. 2017ರಲ್ಲಿ ಟಕೋಮಾ ನಗರದಿಂದ ಸಿಟಿ ಮ್ಯಾನೇಜರ್ ಆಗಿ ಡಲ್ಲಾಸ್‌ಗೆ ಬಂದ ಟಿ.ಸಿ. ಬ್ರಾಡ್ನಾಕ್ಸ್ 2024ರಲ್ಲಿ ಆಸ್ಟಿನ್‌ಗೆ ಹೋದರು. ಅವರ ಜಾಗದಲ್ಲಿ ಉಪ ಮ್ಯಾನೇಜರ್ ಆಗಿದ್ದ ಕಿಂಬರ್ಲಿ ಬಿಜೋರ್ ಟೋಲ್ಬರ್ಟ್ ಮೊದಲು ಹಂಗಾಮಿಯಾಗಿ ಕುಳಿತು, 2025ರ ಜನವರಿಯಲ್ಲಿ ಕಾಯಂ ಆದರು. ಹಂಗಾಮಿ ನೇಮಕವೆಂಬ ಈ ಮೂರನೆಯ ದಾರಿ ಕೌನ್ಸಿಲ್‌ಗೆ ಕೆಲಸ ನೋಡಿ ನಿರ್ಧರಿಸುವ ಅವಕಾಶ ಕೊಡುತ್ತದೆ. ಆದರೆ ಕುರ್ಚಿಯಲ್ಲಿ ಈಗಾಗಲೇ ಒಬ್ಬರಿದ್ದಾರೆಂದು ತಿಳಿದರೆ ಹೊರಗಿನವರು ಪೈಪೋಟಿಗೆ ಇಳಿಯುವುದು ಅನುಮಾನ.

ಬಜೆಟ್ ಸರಿಯಿದ್ದು ಇಲಾಖೆಗಳು ನಡೆಯುತ್ತಿದ್ದರೆ ನನ್ನ ಒಲವು ಬಡ್ತಿಯತ್ತ. ಹಗರಣ ಅಥವಾ ಸಾಲದಿಂದ ಜನರ ನಂಬಿಕೆ ಕುಸಿದಿದ್ದರೆ ಹುಡುಕಾಟದ ಖರ್ಚು ದಂಡವಲ್ಲ. ಕೌನ್ಸಿಲ್ ಚುನಾವಣೆ ಹತ್ತಿರವಿದ್ದರೆ ಹಂಗಾಮಿಯೇ ಸಾಕು, ಏಕೆಂದರೆ ಹೊಸ ಸದಸ್ಯರು ಬಂದ ಮೇಲೆ ಹಳಬರು ಆರಿಸಿದವರನ್ನು ತೆಗೆದರೆ ಒಪ್ಪಂದದ ಪ್ರಕಾರ ತಿಂಗಳುಗಟ್ಟಲೆ ಸಂಬಳದ ಪರಿಹಾರ ಕೊಡಬೇಕಾದೀತು.