ಕುಕಿಕಟರ್: ಖಾಲಿ ಫೋಲ್ಡರ್ ನೋಡುತ್ತಾ ಕೂರೋದು ತಪ್ಪಿತು

ಹೊಸ ಪೈಥಾನ್ ಪ್ಯಾಕೇಜ್ ಅಂದರೆ ಹಳೇ ಪ್ರಾಜೆಕ್ಟ್ ಕಾಪಿ ಮಾಡಿ ಹೆಸರು ಬದಲಿಸುತ್ತಿದ್ದೆ, ಎಲ್ಲೋ ಒಂದು ಕಡೆ ಹಳೇ ಹೆಸರು ಉಳಿದೇ ಉಳಿಯುತ್ತಿತ್ತು. ಈಗ ಕುಕಿಕಟರ್ ಬಳಸುತ್ತಿದ್ದೇನೆ, ಇದು ಟೆಂಪ್ಲೇಟ್ ಅಂದರೆ ಸಿದ್ಧ ಚೌಕಟ್ಟಿನಿಂದ ಹೊಸ ಪ್ರಾಜೆಕ್ಟ್ ಮಾಡಿಕೊಡೋ ಟೂಲ್. ಟೆಂಪ್ಲೇಟ್‌ನ ವಿಳಾಸ ಕೊಟ್ಟರೆ ಸಾಕು, ಪ್ಯಾಕೇಜ್ ಹೆಸರೇನು, ಲೈಸೆನ್ಸ್ ಯಾವುದು ಅಂತ ಒಂದೊಂದಾಗಿ ಕೇಳಿ, ಟೆಸ್ಟ್ ಫೋಲ್ಡರ್, ರೀಡ್‌ಮಿ ಎಲ್ಲ ಜೋಡಿಸಿಯೇ ಕೊಡುತ್ತದೆ. ಪ್ರಶ್ನೆಗಳೆಲ್ಲ ಒಂದು ಜೇಸನ್ (JSON) ಫೈಲ್‌ನಲ್ಲಿರುತ್ತವೆ, ಉತ್ತರಗಳನ್ನು ಜಿಂಜಾ ಅನ್ನೋ ಟೆಂಪ್ಲೇಟ್ ಭಾಷೆಯ ಮೂಲಕ ಕೋಡ್ ಒಳಗೆ, ಅಷ್ಟೇ ಅಲ್ಲ, ಫೋಲ್ಡರ್ ಹೆಸರಿಗೂ ತುಂಬುತ್ತದೆ. ಸ್ವಂತ ಟೆಂಪ್ಲೇಟ್ ಬರೆಯೋದೂ ಸುಲಭ.

ಆದರೆ ಟೆಂಪ್ಲೇಟ್ ಆರಿಸುವಾಗ ಹುಷಾರು. ನಾನು ಮೊದಲು ತೆಗೆದುಕೊಂಡದ್ದು ಸುಮ್ನೆ ಬೇಡದ ಫೈಲ್‌ಗಳನ್ನೇ ಸುರಿಯಿತು, ಅಳಿಸೋದಕ್ಕೇ ಅರ್ಧ ದಿನ ಹೋಯಿತು. ಟೆಂಪ್ಲೇಟ್ ಆಮೇಲೆ ಬದಲಾದರೆ ಹಳೇ ಪ್ರಾಜೆಕ್ಟ್‌ಗೆ ಅದು ತಾನಾಗಿ ಬರುವುದೂ ಇಲ್ಲ. ಅದು ಬೇಕಿದ್ದರೆ ಕಾಪಿಯರ್ ಅನ್ನೋ ಇಂಥದ್ದೇ ಇನ್ನೊಂದು ಟೂಲ್ ನೋಡಿ, ಅದರಲ್ಲಿ ಅಪ್‌ಡೇಟ್ ಕಮಾಂಡ್ ಇದೆ.