ಟ್ರೂ ಆರ್‌ಎಂಎಸ್ ಮೀಟರ್: ಎಸಿ ರೀಡಿಂಗ್ ಸರಿ ಮಾಡಿಸಿದ ಮೇಲೆ

ಡಿಸಿ ರೀಡಿಂಗ್ ಪಕ್ಕಾ. ಎಸಿಗೆ ತಿರುಗಿಸಿದರೆ ಆರು ವೋಲ್ಟ್ ಜಾಸ್ತಿ. ದುಡ್ಡು ಕೂಡಿಸಿ ತಂದ ಟ್ರೂ ಆರ್‌ಎಂಎಸ್ ಮೀಟರ್ (ಅಲೆಯ ಆಕಾರ ಹೇಗಿದ್ದರೂ ಎಸಿಯ ನಿಜವಾದ ವೋಲ್ಟೇಜ್ ಅಳೆಯುವಂಥದ್ದು) ಹೀಗೆ ಮಾಡಿದರೆ ಸಿಟ್ಟು ಬರುತ್ತದೆ, ಅಲ್ವಾ? ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಇನ್ವರ್ಟರ್, ಸ್ಟೆಬಿಲೈಜರ್ ರಿಪೇರಿ ಅಂಗಡಿ. ಇಲ್ಲಿ ಆರು ವೋಲ್ಟ್ ಸಣ್ಣದಲ್ಲ. ಲ್ಯಾಬ್ ಸರ್ಟಿಫಿಕೇಟ್ ಇರುವ ಗೆಳೆಯರ ಮೀಟರನ್ನೂ ಅದೇ ಸಾಕೆಟ್‌ಗೆ ಹಚ್ಚಿ ನೋಡಿದೆ. ಅದರಲ್ಲಿ 230, ನನ್ನದರಲ್ಲಿ 236. ಕಂಪನಿ ಬರೆದಿದ್ದು ಶೇ 1, ಜೊತೆಗೆ ಕೊನೆಯ ಅಂಕಿಯಲ್ಲಿ 3, ಇಲ್ಲಿ ಅದು 0.3 ವೋಲ್ಟ್. ಅಂದರೆ 2.6 ವೋಲ್ಟ್ ಆಚೀಚೆ ನಡೆಯುತ್ತದೆ, ಆರು ನಡೆಯೋದಿಲ್ಲ. ಮಾರಿದವರು, "ನಿಮ್ಮ ಕರೆಂಟೇ ಹಂಗ ಐತ್ರಿ" ಅಂದುಬಿಟ್ಟರು.

ಮೀಟರ್ ತಾಳೆ ನೋಡಿ ತಿದ್ದಿಕೊಡುವ ಕ್ಯಾಲಿಬ್ರೇಶನ್ ಲ್ಯಾಬ್‌ಗೆ ಕೊಟ್ಟೆ. ಅಲ್ಲಿಂದ ನನ್ನ ಮನಸ್ಸು ಬದಲಾಯಿತು. ಅವರು ಮೊದಲು ಡಿಸಿ ನೋಡಿಕೊಂಡರು. ಅದು ಸರಿ ಇಲ್ಲದಿದ್ದರೆ ಎಸಿ ತಿದ್ದಿ ಉಪಯೋಗವಿಲ್ಲ. ಲೈನ್ ಕರೆಂಟ್ ಗಳಿಗೆಗೊಮ್ಮೆ ಏರಿಳಿಯುತ್ತದೆ, ಅದನ್ನು ನಂಬಿ ತಿದ್ದೋಕಾಗಲ್ಲ. ಹಾಗಾಗಿ ನಿಖರ ವೋಲ್ಟೇಜ್ ಕೊಡುವ ಯಂತ್ರವಾದ ಕ್ಯಾಲಿಬ್ರೇಟರ್‌ನಿಂದ 50 ಹರ್ಟ್ಸ್ ಸೈನ್ ವೇವ್ (ನುಣುಪಾಗಿ ಏರಿಳಿಯುವ ಅಲೆ) ಕೊಟ್ಟರು, ಅದೂ ಕಡಿಮೆ ವೋಲ್ಟೇಜ್‌ನಲ್ಲಿ. ಎಸಿ ಪ್ರಿಸೆಟ್ಟನ್ನು (ಮೀಟರ್ ಒಳಗೆ ರೀಡಿಂಗ್ ಹೊಂದಿಸುವ ಪುಟ್ಟ ತಿರುಪು) ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಒಂದು ಚೂರು ತಿರುಗಿಸಿದರು. ಅಂಕಿ ನಿಧಾನಕ್ಕೆ ಇಳಿದು ನಿಂತಿತು. ಮುಚ್ಚಳ ಹಾಕಿದ ಮೇಲೇ 230 ಕೊಟ್ಟು ನೋಡಿದರು. ಮುಚ್ಚಳ ತೆಗೆದ ಮೀಟರನ್ನು ಲೈನ್‌ಗೆ ಹಚ್ಚಿ ಮನೆಯಲ್ಲಿ ತಿರುಗಿಸುವ ಸಾಹಸ ದಯವಿಟ್ಟು ಬೇಡ. ಎಷ್ಟೋ ಹೊಸ ಮೀಟರ್‌ಗಳಲ್ಲಿ ಪ್ರಿಸೆಟ್ಟೇ ಇರೋದಿಲ್ಲ, ಬಟನ್ ಒತ್ತಿಯೇ ಹೊಂದಿಸಬೇಕು.

ಈಗ ಅಂಗಡಿ ಬಾಗಿಲು ತೆಗೆದವನೇ ಪ್ರೋಬ್ ತುದಿ ಬಟ್ಟೆಯಲ್ಲಿ ಒರೆಸಿ, ಬೆಂಚಿನ ಸಾಕೆಟ್‌ಗೆ ಹಚ್ಚುತ್ತೇನೆ. ಆಸುಪಾಸಿನ ಫೌಂಡ್ರಿಗಳು ಶುರುವಾಗುವ ಹೊತ್ತಿಗೆ ಅಂಕಿ ಮೆಲ್ಲಗೆ ಕೆಳಗೆ ಬರುತ್ತದೆ. ಅದನ್ನು ನೋಡದೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಿಜವಾದ ಲಾಭ ಇನ್ವರ್ಟರ್‌ನಲ್ಲಿದೆ. ಸಾಮಾನ್ಯ ಮೀಟರ್ ಸರಾಸರಿ ಅಳೆದು 1.11ರಿಂದ ಗುಣಿಸುತ್ತದೆ. ಶುದ್ಧ ಸೈನ್ ವೇವ್‌ಗೆ ಮಾತ್ರ ಆ ಲೆಕ್ಕ ಸರಿ. ಎಷ್ಟೋ ಇನ್ವರ್ಟರ್‌ಗಳು ಕೊಡುವುದು ಮೆಟ್ಟಿಲಿನಂಥ ಅಲೆ, ಅಂದರೆ ಮಾಡಿಫೈಡ್ ಸೈನ್ ವೇವ್. 325 ವೋಲ್ಟ್ ಪೀಕ್ (ಅಲೆಯ ತುದಿ) ಇರುವ, ಅರ್ಧ ಹೊತ್ತು ಸೊನ್ನೆಯಲ್ಲಿ ನಿಲ್ಲುವ ಅಂಥ ಅಲೆ ಕೊಟ್ಟರೆ ಸಾಮಾನ್ಯ ಮೀಟರ್ 180 ತೋರಿಸುತ್ತದೆ. ನಿಜಕ್ಕೂ ಬರುತ್ತಿರುವುದು 230. "ವೋಲ್ಟೇಜ್ ಬರವಲ್ದು" ಅಂತ ತರುವ ಎಷ್ಟೋ ಇನ್ವರ್ಟರ್‌ಗಳಲ್ಲಿ ದೋಷವೇ ಇರುವುದಿಲ್ಲ. ಗಿರಾಕಿಯ ಮುಂದೆಯೇ ಎರಡೂ ಮೀಟರ್ ಹಚ್ಚಿ ತೋರಿಸಿ, ಸುಮ್ನೆ ವಾಪಸ್ ಕಳಿಸುತ್ತೇನೆ.

ಒಂದು ಮಾತು. ಎಸಿ ಮಿಲಿವೋಲ್ಟ್‌ನಲ್ಲಿ ಪ್ರೋಬ್ ಎರಡೂ ಕೂಡಿಸಿದರೂ ಪೂರ್ತಿ ಸೊನ್ನೆ ಬರುವುದಿಲ್ಲ, ಕೆಲವು ಅಂಕಿ ಕುಣಿಯುತ್ತವೆ. ಟ್ರೂ ಆರ್‌ಎಂಎಸ್ ಮೀಟರ್‌ಗಳಲ್ಲಿ ಅದು ಇದ್ದದ್ದೇ, ಹೆದರಬೇಡಿ. ಬರೀ ಮನೆ ವೈರಿಂಗ್ ಮಾಡುವವರಿಗೆ ಇಷ್ಟು ಖರ್ಚು ಬೇಕಿಲ್ಲ. ಇನ್ವರ್ಟರ್ ಮುಟ್ಟುವವರು ತಗೊಳ್ಳಿ, ಲ್ಯಾಬ್ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.